ಬ್ಯಾಡ್ಜಕ್ಕನ ಮೂವತ್ತೆಂಟು ಚಿತ್ರಗಳು

ನಿಮ್ಮ ಮನೆಯ ಮಗು ಶಾಲೆಗೆ ಹಾಕಿಕೊಂಡು ಹೋಗುವ ಅಂಗಿಯ ಜೇಬನ್ನು ಒಮ್ಮೆ ನೋಡಿ. ಅಲ್ಲಿ ಒಂದು ತೆರೆದ ಪುಸ್ತಕವೋ, ಹಕ್ಕಿಯೋ, ಉರಿಯುವ ಪಂಜೋ ಇರುತ್ತದೆ. ಆಸ್ಪತ್ರೆಯಲ್ಲಿ ನಿಮಗೆ ಸೂಜಿ ಚುಚ್ಚಿದ ನರ್ಸಮ್ಮನ ಕೋಟು, ಬ್ಯಾಂಕಿನ ಬಾಗಿಲಲ್ಲಿ ನಿಂತ ಕಾವಲುಗಾರನ ತೋಳು, ಫುಟ್‌ಬಾಲ್ ಆಡುವವರ ಬನಿಯನ್ನು, ಎಲ್ಲದರ ಮೇಲೂ ಒಂದೊಂದು ಕಸೂತಿಯ ಬ್ಯಾಡ್ಜು. ಅದು ಗಿಡದಲ್ಲಿ ಬಿಟ್ಟದ್ದಲ್ಲ. ಯಾರೋ ಒಬ್ಬರು ಕೂತು, ಕಣ್ಣು ಕಿರಿದು ಮಾಡಿ, ಎಳೆ ಎಳೆಯಾಗಿ ಬಿಡಿಸಿದ್ದು. ಹಾಗೆ ಬಿಡಿಸಿದವಳೊಬ್ಬಳ ಸಂಗತಿಯನ್ನು ಹೇಳುತ್ತೇನೆ. ಕೇಳಿದ ಮೇಲೆ ನಿಮಗೂ ಸ್ವಲ್ಪ ಮೈ ಉರಿದರೆ ನನ್ನ ತಪ್ಪಲ್ಲ.

ಆಕೆಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಸುಖವಾಗಿ ಮಲಗಿತ್ತು. ಬೀದಿಗೆಲ್ಲ ಅವಳು ಬ್ಯಾಡ್ಜಕ್ಕ. ಚಪ್ಪಲಿ ಅಂಗಡಿಯ ಪಕ್ಕದ ಹದಿನಾಲ್ಕು ಮೆಟ್ಟಿಲು ಹತ್ತಿದರೆ ಅವಳ ಕೋಣೆ. ನಡುವೆ ಕಸೂತಿ ಮಶಿನ್ನು, ಅದರ ತಲೆಯ ಮೇಲೆ ಹನ್ನೆರಡು ಬಣ್ಣದ ದಾರದ ಉಂಡೆಗಳು. ಗೋಡೆಗೆ ಒತ್ತಿಕೊಂಡ ಮೇಜು, ಮೇಜಿನ ಮೇಲೆ ಕಂಪ್ಯೂಟರು. ಕಿಟಕಿಯ ಬೆಳಕಿಗೆ ಒಂದು ಕುರ್ಚಿ, ಕುರ್ಚಿಯಲ್ಲಿ ಅತ್ತೆ. ಮಶಿನ್ನು ಒಂದು ಅಕ್ಷರ ಮುಗಿಸಿ ಇನ್ನೊಂದಕ್ಕೆ ಜಿಗಿಯುವಾಗ ನಡುವೆ ಬಿಟ್ಟುಹೋಗುವ ಎಳೆಗಳನ್ನು ಪುಟ್ಟ ಕತ್ತರಿಯಿಂದ ಕತ್ತರಿಸುವುದು ಎಂಬತ್ತು ದಾಟಿದ ಆ ಅತ್ತೆಯ ಕೆಲಸ. ಎದುರಿಗೆ ಸಿಕ್ಕವರ ಮಾತನ್ನೂ ಅವರು ಅದೇ ಚುರುಕಿನಲ್ಲಿ ಕತ್ತರಿಸುತ್ತಿದ್ದರು. ಗಂಡ ಬಸ್ಸಿನ ಡ್ರೈವರು. ದಿನವಿಡೀ ಹಾರ್ನ್ ಹೊಡೆದು ಬಂದವನಿಗೆ ಮನೆಯಲ್ಲಿ ಸದ್ದು ಬೇಕಾಗುತ್ತಿರಲಿಲ್ಲ. ಅವನ ಪಾಲಿನ ಮಾತನ್ನೂ ತಾಯಿಯೇ ಆಡಿ ಮುಗಿಸುತ್ತಿದ್ದರು.

ಬ್ಯಾಡ್ಜಕ್ಕನ ಕೆಲಸದ ಕ್ರಮ ಹೀಗೆ. ಗಿರಾಕಿ ಒಂದು ಮಾಸಿದ ವಿಸಿಟಿಂಗ್ ಕಾರ್ಡನ್ನೋ, ಗೋಡೆಯ ಮೇಲಿನ ಚಿಹ್ನೆಯ ಫೋಟೋವನ್ನೋ ತಂದುಕೊಡುತ್ತಾನೆ. ಅವಳು ಅದನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಬಿಡಿಸಿ, ಒಂದೊಂದು ಭಾಗಕ್ಕೂ ದಾರ ಯಾವ ದಿಕ್ಕಿಗೆ ಮಲಗಬೇಕು ಅಂತ ಹೇಳುತ್ತಾಳೆ. ಗುಟ್ಟೆಲ್ಲ ಇರುವುದು ಈ ಮಲಗುವ ದಿಕ್ಕಿನಲ್ಲೇ. ಹಕ್ಕಿಯ ರೆಕ್ಕೆಯಲ್ಲಿ ದಾರ ಬುಡದಿಂದ ತುದಿಗೆ ಓರೆಯಾಗಿ ಹರಿದರೆ ಅದು ರೆಕ್ಕೆ. ಅಡ್ಡಡ್ಡ ಹರಿದರೆ ಕಾಲೊರೆಸುವ ಚಾಪೆ. ಇದನ್ನು ಅವಳಿಗೆ ಯಾವ ಯಂತ್ರವೂ ಕಲಿಸಲಿಲ್ಲ. ಚಿಕ್ಕವಳಿದ್ದಾಗ ಸೋದರತ್ತೆಯ ಪಕ್ಕ ಕೂತು, ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಕಲಿತದ್ದು. ಹತ್ತೊಂಬತ್ತು ವರ್ಷದಲ್ಲಿ ಹಾಗೆ ನಾನೂರ ಹನ್ನೆರಡು ಚಿತ್ರ ಬಿಡಿಸಿದ್ದಳು. ಎಲ್ಲವೂ ಒಂದು ಕಂಪನಿಯ ಸಾಫ್ಟ್‌ವೇರಿನೊಳಗೆ ಇದ್ದವು. ಮೊದಲು ಅದನ್ನು ಪೂರ್ತಿ ಬೆಲೆ ಕೊಟ್ಟು ಕೊಂಡಿದ್ದಳು. ಆಮೇಲೆ ಕಂಪನಿಯವರು, ಇನ್ನು ಮುಂದೆ ಮಾರುವುದಿಲ್ಲ, ವರ್ಷವರ್ಷ ಬಾಡಿಗೆ ಅಂದರು. ಅದಕ್ಕೂ ಹೂಂ ಅಂದಿದ್ದಳು.

ಒಂದು ಮಂಗಳವಾರ ಬೆಳಗ್ಗೆ ಕಂಪ್ಯೂಟರು ಹಾಕಿದರೆ ಪರದೆಯ ಮೇಲೆ ಎರಡು ಸಾಲು. ಈ ಆವೃತ್ತಿಯ ಸೇವೆ ನಿಂತಿದೆ. ನಿಮ್ಮ ಕಂಪ್ಯೂಟರು ಹೊಸ ಆವೃತ್ತಿಗೆ ಯೋಗ್ಯವಲ್ಲ. ಯಾವ ಚಿತ್ರ ಒತ್ತಿದರೂ ಒಂದು ಬೀಗದ ಗುರುತು ಬಂದು ಕೂರುತ್ತಿತ್ತು.

ಆಸ್ಪತ್ರೆಯ ದೊಡ್ಡ ನರ್ಸಮ್ಮ ಹಿಂದಿನ ದಿನವಷ್ಟೇ ಅರವತ್ತು ಕೋಟು ತಂದು ಇಳಿಸಿ ಹೋಗಿದ್ದರು. ಆಸ್ಪತ್ರೆಯ ಚಿಹ್ನೆ, ಅದರ ಕೆಳಗೆ ಒಬ್ಬೊಬ್ಬರ ಹೆಸರು. ಹನ್ನೆರಡು ದಿನದಲ್ಲಿ ಬೇಕು. ಬ್ಯಾಡ್ಜಕ್ಕ ಕಂಪನಿಯ ಏಜೆಂಟನಿಗೆ ಫೋನು ಮಾಡಿದಳು, ಮತ್ತೆ ಮಾಡಿದಳು. ಮೂರನೆಯ ದಿನ ಅವನು ಮೆಟ್ಟಿಲು ಹತ್ತಿ ಬಂದ. ಇಸ್ತ್ರಿಯ ಮಡಿಕೆ ಮುರಿಯದ ಅಂಗಿ, ಕೈಯಲ್ಲಿ ಜಾಹೀರಾತಿನ ಬಣ್ಣದ ಹಾಳೆಗಳು.

"ಸಾಫ್ಟ್‌ವೇರ್ ಸರಿಯಾಗೇ ಇದೆ ಮೇಡಂ. ನಿಮ್ಮ ಕಂಪ್ಯೂಟರ್ ಹಳೇದಾಯ್ತು," ಅಂದ.

"ಸೋಮವಾರ ಸಂಜೆವರೆಗೂ ಚೆನ್ನಾಗಿ ಓಡಾಡ್ಕೊಂಡಿತ್ತಲ್ಲಪ್ಪ. ಬೆಳಗಾಗೋದ್ರೊಳಗೆ ಮುದುಕಿ ಆಯ್ತಾ?"

"ಹಾಗಲ್ಲ. ಕಂಪನಿಯವರು ಹಳೇ ಆವೃತ್ತಿ ನಿಲ್ಲಿಸಿದ್ರು. ಹೊಸದು ಇದರಲ್ಲಿ ಕೂರಲ್ಲ."

"ಈ ವರ್ಷದ ಬಾಡಿಗೆ ಕಟ್ಟಿದ್ದೀನಿ."

"ಕಟ್ಟಿದ್ದೀರಿ, ಯಾರು ಇಲ್ಲ ಅಂದ್ರು? ನೀವು ಹೊಸ ಕಂಪ್ಯೂಟರ್ ತಗೊಳ್ಳಿ, ಅದಕ್ಕೆ ಹಾಕಿಕೊಡ್ತೀವಿ."

"ತಗೊಳ್ಳೋದು ಬಿಡೋದು ಆಮೇಲೆ. ಮೊದಲು ನನ್ನ ಚಿತ್ರಗಳನ್ನ ಹೊರಗೆ ತೆಗೆದುಕೊಡಿ."

"ಅದಾಗಲ್ಲ ಮೇಡಂ. ಅವೆಲ್ಲ ನಮ್ಮ ಕಂಪನಿ ಫೈಲು."

ಕಿಟಕಿಯ ಬಳಿ ಕತ್ತರಿಯ ಸದ್ದು ನಿಂತಿತು.

"ಯಾರ ಫೈಲು?" ಅಂತ ಅತ್ತೆ ಕೇಳಿದರು.

"ಅಂದ್ರೆ ಅಜ್ಜಿ, ನಮ್ಮ ಸಾಫ್ಟ್‌ವೇರ್‌ನಲ್ಲಿ ಹುಟ್ಟಿದ್ದಲ್ವಾ. ನಮ್ಮದರಲ್ಲಿ ಮಾತ್ರ ತೆರೆಯುತ್ತೆ."

"ನನ್ನ ಮಗ ಆಸ್ಪತ್ರೆ ಮಂಚದ ಮೇಲೆ ಹುಟ್ಟಿದ. ಮಂಚ ಮಾಡಿದ ಬಡಗಿ ಬಂದು ಮಗನ್ನ ಕೇಳಿದ್ರೆ ಕಳಿಸಿಕೊಡ್ಬೇಕಿತ್ತೇನಪ್ಪ ನಾನು?"

ಏಜೆಂಟ್ ನಕ್ಕ. ನಗುವ ಮಾತಲ್ಲ ಅಂತ ಆಮೇಲೆ ತಿಳಿದು, ಬಣ್ಣದ ಹಾಳೆಯೊಂದನ್ನು ಮೇಜಿನ ಮೇಲಿಟ್ಟು, ಯೋಚನೆ ಮಾಡಿ ಹೇಳಿ ಅಂತ ಇಳಿದುಹೋದ.

ನೀವೇ ಹೇಳಿ. ಕುಂಬಾರನಿಗೆ ಚಕ್ರ ಮಾರಿದವನು ಹತ್ತೊಂಬತ್ತು ವರ್ಷದ ಮೇಲೆ ಬಂದು, ಮಡಕೆಗಳೆಲ್ಲ ನಮ್ಮ ಚಕ್ರದ ಮೇಲೆ ತಿರುಗಿದವು, ಇನ್ನು ಯಾರೂ ನೀರು ತುಂಬಿಸಬೇಡಿ ಅಂದರೆ ಊರವರು ಸುಮ್ಮನಿರುತ್ತಾರೆಯೇ? ಮಡಕೆಯ ವಿಷಯದಲ್ಲಿ ಅನ್ಯಾಯವಾಗುವುದು ಕಂಪ್ಯೂಟರಿನ ವಿಷಯದಲ್ಲಿ ಹೇಗೆ ನಿಯಮವಾಯಿತು? ನಮಗೆ ಅರ್ಥವಾಗದ ಮಾತಿನಲ್ಲಿ ಹೇಳಿದರು, ನಾವು ತಲೆಯಾಡಿಸಿದೆವು, ಅಷ್ಟೇ. ಬ್ಯಾಡ್ಜಕ್ಕನೂ ವರ್ಷವರ್ಷ ಓದದೆ "ಒಪ್ಪಿಗೆ" ಒತ್ತಿದವಳೇ. ಅದನ್ನು ನೆನೆದಾಗಲೆಲ್ಲ ಅವಳಿಗೆ ಏಜೆಂಟನಿಗಿಂತ ಹೆಚ್ಚಾಗಿ ತನ್ನ ಬೆರಳಿನ ಮೇಲೇ ಸಿಟ್ಟು ಬರುತ್ತಿತ್ತು.

ಆ ಮಧ್ಯಾಹ್ನವೇ ಅವಳು ಟೈಪಿಂಗ್ ಮೇಷ್ಟ್ರ ಮನೆಗೆ ಹೋದಳು. ಮದುವೆಗೆ ಮುಂಚೆ ಅವರ ಬಳಿಯೇ ಟೈಪಿಂಗ್ ಕಲಿತಿದ್ದಳು. ಟೈಪ್‌ರೈಟರುಗಳ ಕಾಲ ಮುಗಿದ ಮೇಲೆ ಮೇಷ್ಟ್ರು, ಆಫೀಸುಗಳು ಹೊರಗೆಸೆದ ಆರು ಕಂಪ್ಯೂಟರುಗಳನ್ನು ತಂದು, ಅವುಗಳಿಗೆಲ್ಲ ಲಿನಕ್ಸ್ ಹಾಕಿ, ಹೊಸದರಂತೆ ಓಡಿಸುತ್ತಿದ್ದರು. ಕಂಡಕಂಡವರಿಗೆಲ್ಲ ಅದರ ಗುಣಗಾನ. ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆಯೇ ಉಚಿತ, ಅದರ ಒಳಗುಟ್ಟೆಲ್ಲ ಬಯಲಿನಲ್ಲಿದೆ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು ಅಂತ. ಪುಕ್ಕಟೆ ಸಿಗುವುದನ್ನು ಯಾರು ನಂಬುತ್ತಾರೆ ಅಂತ ಬ್ಯಾಡ್ಜಕ್ಕ ಎಷ್ಟೋ ಸಲ ನಕ್ಕಿದ್ದಳು.

"ನಗಲ್ಲ ಮೇಷ್ಟ್ರೆ ಇನ್ಮೇಲೆ. ಬನ್ನಿ," ಅಂದಳು.

"ದುಡ್ಡು ಕೊಟ್ಟು ಮೋಸ ಹೋದ ಮೇಲೇ ಎಲ್ಲರಿಗೂ ನನ್ನ ನೆನಪು," ಅಂದರು ಮೇಷ್ಟ್ರು. ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.

ಬಂದವರು ಮೊದಲು ಮಾಡಿದ ಕೆಲಸ, ಸ್ಕ್ರೂಡ್ರೈವರಿನಿಂದ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಒಳಗಿನ ಡಿಸ್ಕನ್ನು ಹೊರಗೆ ತೆಗೆದದ್ದು. "ಇದರಲ್ಲಿ ನಿನ್ನ ಹತ್ತೊಂಬತ್ತು ವರ್ಷ ಇದೆ. ಹೊಸದು ಹಾಕೋ ಗಡಿಬಿಡಿಯಲ್ಲಿ ಅಳಿಸಿಕೊಂಡು ಅತ್ತವರನ್ನ ಕಂಡಿದ್ದೀನಿ. ಇದನ್ನ ಮುಟ್ಟೋದೇ ಬೇಡ," ಅಂತ ಪಕ್ಕಕ್ಕಿಟ್ಟು, ತಮ್ಮ ಬಳಿ ಇದ್ದ ಬೇರೆ ಡಿಸ್ಕು ಜೋಡಿಸಿ, ಲಿನಕ್ಸ್ ತುಂಬಿದ ಪೆನ್‌ಡ್ರೈವನ್ನು ಚುಚ್ಚಿದರು.

ಕಂಪ್ಯೂಟರು ಭಾಷೆ ಯಾವುದು ಅಂತ ಕೇಳಿತು, ಹೆಸರೇನು ಅಂತ ಕೇಳಿತು, ಗುಟ್ಟಿನ ಪದವೊಂದನ್ನು ಇಟ್ಟುಕೊಳ್ಳಲು ಹೇಳಿತು. ಅರ್ಧ ಗಂಟೆಯೊಳಗೆ ಎಲ್ಲ ಕೂತು, ತೊಳೆದ ನೆಲದಂಥ ಪರದೆ ತೆರೆಯಿತು.

"ಅನುಮತಿ ಸಂಖ್ಯೆ ಎಲ್ಲಿ ಹಾಕ್ಬೇಕು?" ಅಂತ ಬ್ಯಾಡ್ಜಕ್ಕ ಕೇಳಿದಳು.

"ಅದನ್ನ ಕೇಳಲ್ಲ."

"ಈಗ ಕೇಳಲ್ಲ. ವರ್ಷ ತುಂಬಿದ ಮೇಲೆ?"

"ಆಗಲೂ ಕೇಳಲ್ಲ ತಂಗಿ."

"ಮತ್ತೆ ಇದನ್ನ ಮಾಡಿದೋರ ಹೊಟ್ಟೆಪಾಡು?"

"ಕೆಲವರಿಗೆ ಸಂಬಳ ಇದೆ, ಕೆಲವರು ಬೇರೆ ಕೆಲಸ ಮಾಡ್ಕೊಂಡು ಬಿಡುವಿನಲ್ಲಿ ಮಾಡ್ತಾರೆ. ತಮಗೆ ಬೇಕಾದ್ದನ್ನ ಮಾಡ್ಕೊಂಡ್ರು, ನಿಮಗೂ ಬೇಕಾದ್ರೆ ತಗೊಳ್ಳಿ ಅಂತ ಇಟ್ರು."

ಅತ್ತೆ ಎಳೆ ಕತ್ತರಿಸುತ್ತಲೇ ಹೇಳಿದರು, "ಅಂಥೋರ ಮನೆ ಹೆಂಗಸರನ್ನ ಒಂದ್ಸಲ ಮಾತಾಡಿಸ್ಬೇಕು. ಎಷ್ಟು ಬೈತಿದ್ದಾರೋ ಪಾಪ."

ಇನ್ನು ಬೇಕಾದ ಸಲಕರಣೆಗಳು. ಮೇಷ್ಟ್ರು ಅದನ್ನು ಉಗ್ರಾಣ ಅಂತ ಕರೆದರು. ಅಂಗಡಿ ಅಂಗಡಿ ಅಲೆಯಬೇಕಿಲ್ಲ, ಗೊತ್ತಿಲ್ಲದ ಜಾಗದಿಂದ ಇಳಿಸಿಕೊಂಡು ಅದರ ಜೊತೆ ಕಳ್ಳನನ್ನೂ ಒಳಗೆ ಬಿಟ್ಟುಕೊಳ್ಳಬೇಕಿಲ್ಲ. ಉಗ್ರಾಣದಲ್ಲಿ ಪರೀಕ್ಷೆ ಮಾಡಿ ಇಟ್ಟದ್ದನ್ನು ಹೆಸರು ಹೇಳಿ ಕರೆದರೆ ಬಂದು ಕೂರುತ್ತದೆ. ಪತ್ರ, ಬಿಲ್ಲು ಬರೆಯಲು ಲಿಬ್ರೆ ಆಫೀಸು, ಫೋಟೋ ತಿದ್ದಲು ಗಿಂಪ್, ಚಿತ್ರ ಬಿಡಿಸಲು ಇಂಕ್‌ಸ್ಕೇಪ್. ಮೇಷ್ಟ್ರಿಗೆ ಪರದೆಯ ಮೇಲೆ ಕಪ್ಪು ಕಿಟಕಿಯೊಂದನ್ನು ತೆರೆದು, ಅದರಲ್ಲಿ ಟೈಪ್ ಮಾಡಿ ಕರೆಯುವುದೇ ಇಷ್ಟ. ಹಾಗೆ ಕರೆದಾಗ ಗುಟ್ಟಿನ ಪದ ಕೇಳಿತು. ಬ್ಯಾಡ್ಜಕ್ಕ ಒತ್ತಿದಳು, ಏನೂ ಮೂಡಲಿಲ್ಲ. ಒಂದು ಚುಕ್ಕಿ ಕೂಡ ಇಲ್ಲ. ಕೀಲಿಮಣೆ ಕೆಟ್ಟಿತೆಂದು ತಟ್ಟಿದಳು, ಮತ್ತೆ ಒತ್ತಿದಳು, ಎಂಟು ಅಕ್ಷರದ ಪದ ಮೂವತ್ತು ಅಕ್ಷರವಾಯಿತು.

"ಮೂಡಲ್ಲ ತಂಗಿ. ಬೆನ್ನ ಹಿಂದೆ ಇರೋರು ಎಷ್ಟು ಅಕ್ಷರ ಅಂತಲೂ ಎಣಿಸಬಾರದು ಅಂತ."

"ಬೆನ್ನ ಹಿಂದೆ ನನ್ನ ಅತ್ತೆ ಇರೋದು."

"ಅದಕ್ಕೇ ಇರ್ಬೇಕು ಕಣೇ ಮುಚ್ಚಿದ್ದು," ಅಂದರು ಅತ್ತೆ.

ಪದ ಸರಿಯಾಗಿ ಬಿದ್ದ ಮೇಲೆ, ಒಂದನ್ನು ಕರೆದರೆ ಅದರ ಹಿಂದೆ ಇಪ್ಪತ್ತಾರು ಹೆಸರುಗಳು ಸಾಲಾಗಿ ಬಂದವು. ಬ್ಯಾಡ್ಜಕ್ಕ ಗಾಬರಿಯಾದಳು. ಇವರೆಲ್ಲ ಇದರ ನೆಂಟರು, ಇವರಿಲ್ಲದೆ ಇದು ಒಳಗೆ ಬರಲ್ಲ, ಉಗ್ರಾಣವೇ ಎಲ್ಲರನ್ನೂ ಕರೆದುಕೊಂಡು ಬರುತ್ತೆ ಅಂತ ಮೇಷ್ಟ್ರು ಸಮಾಧಾನ ಹೇಳಿದರು.

ಪೇಚು ಶುರುವಾದದ್ದು ಕಸೂತಿಯಲ್ಲಿ. ಇಂಕ್‌ಸ್ಕೇಪಿನ ಚಿತ್ರವನ್ನು ದಾರದ ಹೊಲಿಗೆಯಾಗಿಸುವ ಇಂಕ್‌ಸ್ಟಿಚ್ ಎನ್ನುವ ಜೋಡಣೆಯೊಂದಿದೆ, ಅದೂ ಉಚಿತವೇ. ಅದನ್ನು ಅದರವರ ತಾಣದಿಂದ ತಂದು ಹಾಕಿದರೆ ಮೆನುವಿನಲ್ಲಿ ಹೆಸರೇ ಕಾಣಲಿಲ್ಲ. ಒಂದಿಡೀ ಮಧ್ಯಾಹ್ನ ಮೇಷ್ಟ್ರು ಹಾಕಿದರು, ತೆಗೆದರು, ಮತ್ತೆ ಹಾಕಿದರು. ಬ್ಯಾಡ್ಜಕ್ಕನ ಸಿಟ್ಟು ಈಗ ಈ ಕಡೆಗೂ ತಿರುಗಿತು.

"ಹಂಚೋರು ಹೇಗೆ ತಿನ್ಬೇಕು ಅಂತಲೂ ಹೇಳ್ಬೇಕಲ್ಲ ಮೇಷ್ಟ್ರೆ. ಓದೋರೆಲ್ಲ ಇದರೊಳಗೇ ಹುಟ್ಟಿದೋರು ಅನ್ನೋ ಹಾಗೆ ಬರೆದಿದ್ದಾರೆ."

"ಹೇಳಿದ್ದಾರೆ. ನಾನೇ ಮೂರನೇ ಸಾಲು ಓದದೆ ಹಾರಿದೆ," ಅಂತ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಅವರು ಮೊದಲು ಹಾಕಿದ್ದು ತನ್ನದೇ ಪೆಟ್ಟಿಗೆಯೊಳಗೆ ಮುಚ್ಚಿಕೊಂಡಿರುವ ಬಗೆಯ ಇಂಕ್‌ಸ್ಕೇಪು. ಹೊರಗಿನ ಜೋಡಣೆ ಅದರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ತೆಗೆದು ಮಾಮೂಲಿ ಬಗೆಯದನ್ನು ಹಾಕಿದೊಡನೆ ಹೆಸರು ಮೂಡಿತು. ಆದರೆ ಅಷ್ಟರಲ್ಲಿ ಹನ್ನೆರಡು ದಿನದಲ್ಲಿ ಐದು ಕಳೆದಿದ್ದವು.

ಈಗ ಚಿತ್ರಗಳು. ಕಂಪನಿಯ ಬೀಗದ ಫೈಲುಗಳನ್ನು ಇಲ್ಲಿ ಯಾವುದೂ ತೆರೆಯಲಿಲ್ಲ. ಆದರೆ ಬ್ಯಾಡ್ಜಕ್ಕನಿಗೆ ಒಂದು ಅಭ್ಯಾಸವಿತ್ತು, ಬೇರೆ ಕಸೂತಿಯವರು ಅದನ್ನು ಆಡಿಕೊಳ್ಳುತ್ತಿದ್ದರು. ಎಲ್ಲರೂ ಒಂದೇ ಪೆನ್‌ಡ್ರೈವಿನಲ್ಲಿ ಚಿತ್ರವನ್ನು ಮಶಿನ್ನಿಗೆ ಒಯ್ದು, ಕೆಲಸ ಮುಗಿದ ಮೇಲೆ ಅಳಿಸಿ, ಮುಂದಿನದನ್ನು ತುಂಬುತ್ತಾರೆ. ಇವಳು ಹಾಗಲ್ಲ. ಒಬ್ಬೊಬ್ಬ ಗಿರಾಕಿಗೂ ಒಂದೊಂದು ಪೆನ್‌ಡ್ರೈವು, ಅಳಿಸುವ ಮಾತಿಲ್ಲ. ಗೋಡೆಯ ಹಲಗೆಯಲ್ಲಿ ಮೊಳೆ ಹೊಡೆದು, ಕೀಲಿಗೊಂಚಲಿನಂತೆ ಅರವತ್ತೊಂದನ್ನು ನೇತುಹಾಕಿದ್ದಳು. ಮಶಿನ್ನು ಓದುವ ಹೊಲಿಗೆಯ ಫೈಲುಗಳೆಲ್ಲ ಅವುಗಳಲ್ಲಿದ್ದವು. ಅವನ್ನು ಇಂಕ್‌ಸ್ಟಿಚ್ ತೆರೆಯಿತು.

ತೆರೆಯಿತು ನಿಜ, ಆದರೆ ಆಸ್ಪತ್ರೆಯ ಚಿಹ್ನೆ ನೇರಳೆ, ಗಿಳಿಹಸಿರು, ಕಿತ್ತಳೆ ಬಣ್ಣದಲ್ಲಿ ಬಂತು.

"ಇದು ಆಸ್ಪತ್ರೆನಾ, ಸರ್ಕಸ್ ಡೇರೆನಾ?" ಅತ್ತೆ ಕೇಳಿದರು.

ಆ ಬಗೆಯ ಫೈಲಿನಲ್ಲಿ ಸೂಜಿ ಎಲ್ಲೆಲ್ಲಿ ಇಳಿಯಬೇಕು, ಎಲ್ಲಿ ದಾರ ಬದಲಿಸಬೇಕು ಅನ್ನುವುದಷ್ಟೇ ಇರುತ್ತದೆ. ಯಾವ ಬಣ್ಣ ಅಂತ ಇರುವುದಿಲ್ಲ. ಬ್ಯಾಡ್ಜಕ್ಕ ನಾಲ್ಕು ದಪ್ಪ ಪುಸ್ತಕಗಳನ್ನು ತೆಗೆದಳು. ಯಾವ ಚಿತ್ರವನ್ನೇ ಆಗಲಿ ಗಿರಾಕಿಯ ಬಟ್ಟೆಗೆ ಹಾಕುವ ಮೊದಲು ಹಳೆಯ ಚಾದರದ ತುಂಡಿನ ಮೇಲೆ ಹೊಲಿದು ನೋಡಿ, ಬೆನ್ನಿಗೆ ದಾರದ ಬಣ್ಣಗಳನ್ನು ಕ್ರಮವಾಗಿ ಬರೆದು, ಪುಸ್ತಕದಲ್ಲಿ ಅಂಟಿಸುತ್ತಿದ್ದಳು. ಮನೆಯ ಚಾದರಗಳೆಲ್ಲ ಮೂಲೆ ಕಳೆದುಕೊಂಡಿದ್ದು ಹೀಗೇ. ಅದಕ್ಕಾಗಿ ಹತ್ತೊಂಬತ್ತು ವರ್ಷ ಗೊಣಗಿದ ಅತ್ತೆಯೇ ಈಗ ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು, ಒಂದನೇದು ಕಡುನೀಲಿ, ಎರಡನೇದು ಬಿಳಿ, ಮೂರನೇದು ಕೆಂಪು ಅಂತ ಓದಿ ಹೇಳತೊಡಗಿದರು.

ಹೆಸರು ಸೇರಿಸಬೇಕಾದರೆ ಚಿಹ್ನೆಯನ್ನು ಚಿಕ್ಕದು ಮಾಡಿ ಮೇಲೆ ಸರಿಸಬೇಕಿತ್ತು. ಹೊಲಿಗೆಯ ಫೈಲನ್ನು ಸುಮ್ಮನೆ ಕುಗ್ಗಿಸಿದರೆ ದಾರ ಒಂದರ ಮೇಲೊಂದು ಬಿದ್ದು ಗಂಟಾಗುತ್ತದೆ. ಹಾಗಾಗಿ ಅವಳು ಅದನ್ನು ಕೆಳಗಿಟ್ಟುಕೊಂಡು ಮೇಲೆ ಹೊಸದಾಗಿ ಬಿಡಿಸಿದಳು. ಬಿಡಿಸಿ, ಮಶಿನ್ನಿಗೆ ಹಾಕಿ, ಚಾದರದ ತುಂಡಿನ ಮೇಲೆ ಹೊಲಿದರೆ ಚಿಹ್ನೆಯ ದುಂಡು ಸುತ್ತು ಮೊಟ್ಟೆಯಾಗಿ ಬಂತು. ಮತ್ತೆ ಹೊಲಿದಳು, ಮತ್ತೆ ಮೊಟ್ಟೆ. ಪರದೆಯ ಮೇಲೆ ನೋಡಿದರೆ ದುಂಡಗೆ ಚಂದ್ರನ ಹಾಗಿದೆ.

"ಪುಕ್ಕಟೆ ಮಾಲು ತನ್ನ ಬುದ್ಧಿ ತೋರಿಸಿಬಿಡ್ತು ನೋಡೇ," ಅಂದರು ಅತ್ತೆ.

ಬ್ಯಾಡ್ಜಕ್ಕ ಮೊಟ್ಟೆಯ ಮೇಲೆ ಬೆರಳಾಡಿಸಿದಳು. ಥಟ್ಟನೆ ಹೊಳೆಯಿತು. ಯಾವ ಬಟ್ಟೆಯೇ ಆಗಲಿ, ದಾರ ಹರಿಯುವ ದಿಕ್ಕಿನಲ್ಲಿ ಬಿಗಿದು ಒಳಕ್ಕೆ ಕುಗ್ಗುತ್ತದೆ. ಕೈಕಸೂತಿಯಲ್ಲಿ ಸೋದರತ್ತೆ ಅದಕ್ಕೆಂದೇ ಗೆರೆಯಿಂದ ಒಂದು ಎಳೆ ಹೊರಗೆ ಸೂಜಿ ಇಳಿಸಲು ಹೇಳಿಕೊಟ್ಟಿದ್ದರು. ಕಂಪನಿಯ ಸಾಫ್ಟ್‌ವೇರು ಆ ಒಂದು ಎಳೆಯನ್ನು ಕೇಳದೆಯೇ ತಾನೇ ಸೇರಿಸುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಅವಳಿಗೆ ಆ ಮಾತೇ ಮರೆತುಹೋಗಿತ್ತು. ಇಲ್ಲಿ ಅದನ್ನು ತಾನೇ ಹೇಳಬೇಕು. ಹೇಳುವುದಕ್ಕೊಂದು ಜಾಗವೂ ಇತ್ತು. ಅಂಕಿ ತುಂಬಿದಳು. ಮೂರನೆಯ ಸಲ ಮಶಿನ್ನು ನಿಂತಾಗ ಚಾದರದ ಮೇಲೆ ಬಟ್ಟಲು ಬೋರಲು ಹಾಕಿ ಗೆರೆ ಎಳೆದಂಥ ದುಂಡು.

ಆಗ ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. "ನನ್ನ ಚಿತ್ರ ಬೀಗ ಹಾಕ್ಕೊಂಡಿದ್ದಷ್ಟೇ ಅಲ್ಲ ಮೇಷ್ಟ್ರೆ. ನನಗೆ ಗೊತ್ತಿದ್ದನ್ನ ನನ್ನ ಕೈಯಿಂದ ಮೆಲ್ಲಗೆ ಇಸ್ಕೊಂಡು, ಇದು ನಮ್ಮ ಸಾಫ್ಟ್‌ವೇರ್ ಚಮತ್ಕಾರ ಅಂತ ನನಗೇ ಮಾರಿದ್ರು."

ಅರವತ್ತು ಕೋಟುಗಳು ಹನ್ನೊಂದನೆಯ ದಿನ ಮುಗಿದವು. ದೊಡ್ಡ ನರ್ಸಮ್ಮ ಬಂದು, ತನ್ನ ಹೆಸರಿರುವ ಕೋಟನ್ನು ಬೆಳಕಿಗೆ ಹಿಡಿದು ನೋಡಿ, ಹೋದ ಸಲಕ್ಕಿಂತ ಚಿಹ್ನೆ ಚೊಕ್ಕವಾಗಿದೆ ಅಂತ ಹೇಳಿ ಹೋದರು.

ಆಮೇಲೆ ತಿಂಗಳುಗಟ್ಟಲೆ, ಕೆಲಸದ ನಡುವೆ ಬಿಡುವಾದಾಗಲೆಲ್ಲ, ಬ್ಯಾಡ್ಜಕ್ಕ ಪೆನ್‌ಡ್ರೈವುಗಳನ್ನು ಒಂದೊಂದಾಗಿ ಇಳಿಸಿ ಚಿತ್ರಗಳನ್ನು ಹೊರಗೆ ತಂದಳು. ಮುನ್ನೂರ ಎಪ್ಪತ್ತನಾಲ್ಕು ಸಿಕ್ಕವು. ಉಳಿದ ಮೂವತ್ತೆಂಟು ಎಂದೂ ಮಶಿನ್ನಿಗೆ ಹೋದವಲ್ಲ. ಹೊಲಿದಿರಲಿಲ್ಲ, ಪುಸ್ತಕದಲ್ಲೂ ಇರಲಿಲ್ಲ. ಅವು ಪಕ್ಕಕ್ಕಿಟ್ಟ ಹಳೆಯ ಡಿಸ್ಕಿನಲ್ಲಿ, ಕಂಪನಿಯ ಬೀಗದೊಳಗೆ ಮಾತ್ರ ಇದ್ದವು. ಇಪ್ಪತ್ತೇಳು, ಗಿರಾಕಿಗಳು ಬೇಡ ಅಂದವು, ಹೋದರೆ ಹೋಗಲಿ. ಹನ್ನೊಂದು ಮಾತ್ರ ಹಕ್ಕಿಗಳು. ಒಂದು ವರ್ಷ ಅವಳು ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡು ಮೂರು ತಿಂಗಳು ಕೋಣೆಯಲ್ಲೇ ಇದ್ದಾಗ, ಎದುರಿನ ತಂತಿಯ ಮೇಲೆ ಬಂದು ಕೂತವುಗಳನ್ನು ನೋಡಿ ನೋಡಿ ಬಿಡಿಸಿದ್ದವು. ಯಾರೂ ಹೇಳಿ ಮಾಡಿಸಿದ್ದಲ್ಲ. ಅವುಗಳ ರೆಕ್ಕೆಯಲ್ಲಿ ದಾರ ಹರಿಯುವ ದಿಕ್ಕನ್ನು ಅವಳು ಅಷ್ಟು ತಾಳ್ಮೆಯಿಂದ ಮತ್ತೆಂದೂ ಯೋಚಿಸಿರಲಿಲ್ಲ. ಮಶಿನ್ನು ಖಾಲಿ ಇದ್ದಾಗ ಹೊಲಿದರಾಯಿತು ಅಂದುಕೊಂಡಿದ್ದಳು. ಮಶಿನ್ನು ಎಂದೂ ಖಾಲಿ ಇರಲಿಲ್ಲ.

ಬ್ಯಾಡ್ಜಕ್ಕ ಕಂಪನಿಗೆ ಪತ್ರ ಬರೆದಳು. ನನಗೆ ನಿಮ್ಮ ಸಾಫ್ಟ್‌ವೇರು ಬೇಡ. ನನ್ನ ಮೂವತ್ತೆಂಟು ಚಿತ್ರಗಳನ್ನು ಎಲ್ಲರೂ ತೆರೆಯಬಹುದಾದ ರೂಪದಲ್ಲಿ ಕೊಡಿ. ನಿಮ್ಮ ಅನುಭವ ನಮಗೆ ಅಮೂಲ್ಯ ಅಂತ ಉತ್ತರ ಬಂತು. ಎರಡನೆಯ ಪತ್ರಕ್ಕೂ ಅದೇ ಉತ್ತರ. ಮೂರನೆಯದಕ್ಕೆ, ನಮ್ಮ ಸೇವೆಗೆ ಎಷ್ಟು ಅಂಕ ಕೊಡುತ್ತೀರಿ ಅಂತ ಕೇಳಿದರು. ಆರನೆಯ ಪತ್ರದಲ್ಲಿ ಅವಳು, ಇದನ್ನೇ ಪತ್ರಿಕೆಗೂ ಕಳಿಸುತ್ತೇನೆ ಅಂತ ಸೇರಿಸಿದ ಮೇಲೆ ಏಜೆಂಟ್ ಮತ್ತೆ ಮೆಟ್ಟಿಲು ಹತ್ತಿದ. ಈ ಸಲ ಬಣ್ಣದ ಹಾಳೆ ಇರಲಿಲ್ಲ. ಒಂದು ಬಿಳಿ ಕಾಗದ, ಅದರ ಕೊನೆಯಲ್ಲಿ ಚುಕ್ಕಿಗಳ ಸಾಲು.

"ನಿಮ್ಮ ಕೆಲಸ ಆಯ್ತು ಮೇಡಂ. ನಾನೇ ಮೇಲಿನವರ ಹತ್ರ ಜಗಳ ಆಡಿ ತಂದೆ. ಏಳು ದಿನ ತೆರೆದುಕೊಡ್ತಾರೆ, ಪುಕ್ಕಟೆ. ಎಲ್ಲಾ ತೆಗೆದುಕೊಳ್ಳಿ. ಇಲ್ಲೊಂದು ಸಹಿ."

ಅವಳ ಕೈ ಪೆನ್ನಿನ ಕಡೆಗೆ ಹೋಯಿತು. ಹನ್ನೊಂದು ಹಕ್ಕಿ ಅಂದರೆ ಹೋಗದೆ ಇರುತ್ತದೆಯೇ. ಆದರೆ ಬೆರಳಿನ ಮೇಲಿನ ಹಳೆಯ ಸಿಟ್ಟು ಅವಳನ್ನು ತಡೆಯಿತು. ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದಳು:

"ಸದರಿ ಫೈಲುಗಳೂ, ಈ ಹಿಂದೆ ನಾನು ತಯಾರಿಸಿದ ಇತರ ಎಲ್ಲ ಫೈಲುಗಳೂ ಕಂಪನಿಯ ಸಾಫ್ಟ್‌ವೇರಿನ ಉತ್ಪನ್ನಗಳಾಗಿದ್ದು, ಕಂಪನಿಯು ತನ್ನ ಔದಾರ್ಯದಿಂದ ಅವುಗಳ ಬಳಕೆಗೆ ಅವಕಾಶ ನೀಡಿದೆ ಎಂದು ಒಪ್ಪಿಕೊಂಡಿರುತ್ತೇನೆ."

"ಅದೆಲ್ಲ ಬರೀ ಶಾಸ್ತ್ರಕ್ಕೆ ಮೇಡಂ. ಯಾರೂ ಓದಲ್ಲ," ಅಂದ ಏಜೆಂಟ್.

"ನಾನು ಓದಿದೆನಲ್ಲ."

"ಮೂವತ್ತೆಂಟೂ ಸಿಗುತ್ತೆ."

"ಮುನ್ನೂರ ಎಪ್ಪತ್ತನಾಲ್ಕನ್ನ ಬರೆದುಕೊಟ್ಟು ಮೂವತ್ತೆಂಟು ಇಸ್ಕೊಳ್ಳೋದಾ? ಏಜೆಂಟ್ರೆ, ಬನ್ನಿ ಇಲ್ಲಿ, ಕೂತ್ಕೊಳ್ಳಿ." ಅವಳು ಪೆನ್ಸಿಲು, ಹಾಳೆ ಮುಂದಿಟ್ಟಳು. "ಕಿಟಕಿ ಆಚೆ ತಂತಿ ಮೇಲೆ ಒಂದು ಕೂತಿದೆ ನೋಡಿ. ಅದರ ರೆಕ್ಕೆ ಬಿಡಿಸಿ. ನಿಮ್ಮ ಕಂಪನಿ ಉತ್ಪನ್ನ ಅಲ್ವಾ, ನಿಮಗೆ ಬರ್ಲೇಬೇಕು."

ಅವನು ಪೆನ್ಸಿಲು ಮುಟ್ಟಲಿಲ್ಲ. ಕೊರಳಪಟ್ಟಿ ಸಡಿಲಿಸಿಕೊಂಡ. "ನಾನು ಸಂಬಳಕ್ಕೆ ಇರೋನು ಮೇಡಂ. ಅವರು ಕೊಟ್ಟ ಕಾಗದ ತಂದೆ."

"ನಿಮ್ಮ ಮೇಲೆ ಸಿಟ್ಟಿಲ್ಲಪ್ಪ ನನಗೆ. ಕಾಗದ ಬರೆದೋರು ಈ ಮೆಟ್ಟಿಲು ಹತ್ತಿ ಬರಲ್ಲವಲ್ಲ, ಅದಕ್ಕೆ ನಿಮಗೆ ಹೇಳ್ತಿದ್ದೀನಿ."

"ಸಹಿ ಇಲ್ಲದೆ ವಾಪಸ್ ಹೋದ್ರೆ ಯಾಕೆ ಅಂತ ಕೇಳ್ತಾರೆ. ಕಾರಣ ಬೇಕು ಅವರಿಗೆ."

"ಕೊಡಿ, ಬರೆದುಕೊಡ್ತೀನಿ."

ಅತ್ತೆ ಕತ್ತರಿ ಕೆಳಗಿಟ್ಟು ಸೊಸೆಯನ್ನೇ ನೋಡಿದರು. "ಹಕ್ಕಿಗಳು ಕಣೇ," ಅಂತ ಮೆಲ್ಲಗೆ ಅಂದರು. ಅತ್ತೆ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಆ ಕೋಣೆ ಕೇಳಿರಲಿಲ್ಲ.

"ಗೊತ್ತು ಅತ್ತೆ. ಅವರ ಔದಾರ್ಯದಲ್ಲಿ ಹಾರೋ ಹಕ್ಕಿ ನನಗೆ ಬೇಡ."

ಬ್ಯಾಡ್ಜಕ್ಕ ಕಾಗದವನ್ನು ಬೋರಲು ಹಾಕಿ, ಹಿಂಬದಿಯಲ್ಲಿ ಒಂದೊಂದೇ ಅಕ್ಷರವನ್ನು ಬಿಡಿಸಿ ಬರೆದಳು. ನಡುವೆ ಒಂದು ಸಲ ಪೆನ್ನು ನಿಂತಿತು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ಮುಗಿಸಿದಳು. ಕೆಳಗೆ ಪಾಸ್‌ಬುಕ್ಕಿನಲ್ಲಿರುವ ಪೂರ್ತಿ ಹೆಸರು ಬರೆದು ಕಾಗದವನ್ನು ಏಜೆಂಟನ ಕೈಗಿಟ್ಟಳು. ಅವನು ಬಾಗಿಲ ಬಳಿ ನಿಂತು ಓದಿಕೊಂಡ:

"ನ್ಯಾಯವಾಗಿ ನನ್ನದಾದ ವಸ್ತುವನ್ನು ನನಗೇ ದಾನ ಕೊಡುವ ಕಾಗದವನ್ನು ನಾನು ಒಪ್ಪುವುದಿಲ್ಲ. ನನ್ನ ಮೂವತ್ತೆಂಟು ಚಿತ್ರಗಳು ನಿಮ್ಮ ಬೀಗದೊಳಗೆ ಇವೆ. ನಿಮ್ಮವಲ್ಲ."

"ಇದನ್ನ ಹೀಗೇ ಆಫೀಸಿಗೆ ಕೊಡ್ಲಾ ಮೇಡಂ?"

"ಹೀಗೇ ಕೊಡಿ. ಸಹಿ ಕೇಳಿದ್ರಲ್ಲ, ಹಾಕಿದ್ದೀನಿ."